85,000 ರೂಪಾಯಿಯ ‘ಸೋಮ್ಯಾಟಿಕ್’ ಕೋರ್ಸಿಗೆ ಸೇರಲೇ?

ಪ್ರಶ್ನೆ: ತುಮಕೂರಿನ ಎಸ್.ಎಸ್. ಪುರಂನಲ್ಲಿ ಆರು ವರ್ಷದಿಂದ ಮನೆಯ ಮಹಡಿಯಲ್ಲೇ ಹೆಂಗಸರಿಗೆ ಯೋಗ ಹೇಳಿಕೊಡುತ್ತಿದ್ದೇನೆ. ನನಗೆ 38 ವರ್ಷ. ಈಚೆಗೆ ಮೊಬೈಲ್ ತೆರೆದರೆ ಸಾಕು, ‘ಸೋಮ್ಯಾಟಿಕ್ ಮೂವ್‌ಮೆಂಟ್’ ತರಬೇತಿಯ ಜಾಹೀರಾತು. ಒಂದು ಕೋರ್ಸಿನ ಕರಪತ್ರ ಜೊತೆಗಿಟ್ಟಿದ್ದೇನೆ. ಎಂಟು ವಾರ, ಆನ್‌ಲೈನ್, ‘200 ಗಂಟೆ’, ಕೊನೆಗೆ ‘ಸೋಮ್ಯಾಟಿಕ್ ಥೆರಪಿಸ್ಟ್’ ಎಂಬ ಸರ್ಟಿಫಿಕೇಟು, ಶುಲ್ಕ 85,000 ರೂಪಾಯಿ. ಸೇರಲೇ? ಇದು ಯೋಗಕ್ಕಿಂತ ಬೇರೆಯದೇ? ಮಂಡಿನೋವಿರುವ 68 ವರ್ಷದ ನಮ್ಮತ್ತೆಗೂ ಇದರಿಂದ ಉಪಯೋಗವಾದೀತೇ? (ಹೆಸರು ಬೇಡ ಎಂದಿದ್ದಾರೆ.)

ಉತ್ತರ: ಈ ಕೋರ್ಸಿಗೆ ಸೇರಬೇಡಿ. ಆದರೆ ಆ ವಿದ್ಯೆಯ ಬೆನ್ನು ಬಿಡಬೇಡಿ.

ಮೊದಲು ಕರಪತ್ರದ ಲೆಕ್ಕ ನೋಡೋಣ. ಶನಿವಾರ, ಭಾನುವಾರ ತಲಾ ಎರಡು ಗಂಟೆ ನೇರ ತರಗತಿ. ವಾರಕ್ಕೆ ನಾಲ್ಕು, ಎಂಟು ವಾರಕ್ಕೆ 32 ಗಂಟೆ. ಉಳಿದ 168 ಗಂಟೆ ಎಲ್ಲಿಂದ ಬಂತು? ಕೆಳಗೆ ಸಣ್ಣಕ್ಷರದಲ್ಲಿದೆ: ‘ರೆಕಾರ್ಡೆಡ್ ವಿಡಿಯೊ ಮತ್ತು ಸ್ವಂತ ಅಭ್ಯಾಸ’. ಅದರ ಕೆಳಗಿನ ಸಾಲು ಇನ್ನೂ ಚೆನ್ನಾಗಿದೆ: ‘ಕ್ಯಾಮೆರಾ ಆನ್ ಮಾಡುವುದು ನಿಮ್ಮ ಇಷ್ಟ’. ಅಂದರೆ ಆ 32 ಗಂಟೆಯಲ್ಲೂ ನಿಮ್ಮ ಮೈ ಹೇಗೆ ಅಲ್ಲಾಡುತ್ತಿದೆ ಎಂದು ಯಾರೂ ನೋಡದೆ ಇರಬಹುದು. ಈಜು ಕಲಿಸುವವರು ‘ನೀರಿಗಿಳಿಯುವುದು ನಿಮ್ಮ ಇಷ್ಟ’ ಎಂದ ಹಾಗಾಯಿತು.

ಹೋಲಿಸಿ ನೋಡಲು ಅಳತೆಗೋಲುಗಳಿವೆ. ಮೈ ಹೇಗೆ ಅಲ್ಲಾಡುತ್ತದೆ ಎಂದು ಒಳಗಿನಿಂದ ಗಮನಿಸಲು ಕಲಿಸುವ ಎರಡು ಹಳೆಯ ಪದ್ಧತಿಗಳನ್ನೇ ನೋಡಿ, ಅವನ್ನು ಕಟ್ಟಿದವರ ಕಥೆ ಮುಂದೆ ಬರುತ್ತದೆ. ಫೆಲ್ಡೆನ್‌ಕ್ರೈಸ್ ಪದ್ಧತಿಯ ತರಬೇತಿ ಸುಮಾರು 800 ಗಂಟೆಯದು, ಮೂರು-ನಾಲ್ಕು ವರ್ಷಕ್ಕೆ ಹರಡಿರುತ್ತದೆ. ಅಲೆಕ್ಸಾಂಡರ್ ಪದ್ಧತಿಯಲ್ಲಿ ಮೂರು ವರ್ಷ, 1,600 ಗಂಟೆ. ಈ ಥರದ ಹಲವು ಪದ್ಧತಿಗಳನ್ನು ಒಂದೇ ಸೂರಿನಡಿ ತಂದಿರುವ ಇಸ್ಮೆಟಾ ಎಂಬ ಅಂತರರಾಷ್ಟ್ರೀಯ ಸಂಘ 1988ರಿಂದ ಇದೆ. ಅದು ಒಪ್ಪುವ ತರಬೇತಿಗೆ 500 ಗಂಟೆಯಾದರೂ ಬೇಕು. ಅಷ್ಟು ದೂರ ಯಾಕೆ, ಆಯುಷ್ ಸಚಿವಾಲಯದ ಯೋಗ ಸರ್ಟಿಫಿಕೇಷನ್ ಬೋರ್ಡಿನ ಹಂತಗಳು ನಿಮಗೇ ಗೊತ್ತಿರುತ್ತವೆ: ಯೋಗ ಪ್ರೋಟೊಕಾಲ್ ಇನ್‌ಸ್ಟ್ರಕ್ಟರಿಗೆ 200 ಗಂಟೆ, ವೆಲ್‌ನೆಸ್ ಇನ್‌ಸ್ಟ್ರಕ್ಟರಿಗೆ 400, ಟೀಚರ್ ಮತ್ತು ಇವ್ಯಾಲ್ಯುಯೇಟರಿಗೆ 800. ಗೊತ್ತಿರುವ ಆಸನ ಹೇಳಿಕೊಡಲಿಕ್ಕೇ ಇಷ್ಟು ಬೇಕಾದರೆ, ಇನ್ನೊಬ್ಬರ ಮೈಯ ಎಚ್ಚರವನ್ನು ತಿದ್ದಲು 32 ಗಂಟೆ ಹೇಗೆ ಸಾಕಾದೀತು?

ಗಂಟೆಗಿಂತ ಮುಖ್ಯ, ಅದು ವರ್ಷಗಳ ಮೇಲೆ ಹರಡಿರುವುದು. ಎರಡು-ಮೂರು ವಾರ ಒಟ್ಟಿಗೆ ಕಲಿಯುತ್ತಾರೆ, ಆಮೇಲೆ ತಿಂಗಳುಗಟ್ಟಲೆ ಬಿಡುವು. ಕಲಿತದ್ದು ಪಾತ್ರೆ ತೊಳೆಯುವಾಗ, ಸ್ಕೂಟರಿಗೆ ಸ್ಟ್ಯಾಂಡ್ ಹಾಕುವಾಗ, ನಿದ್ದೆಯಲ್ಲಿ ಮಗ್ಗುಲು ಬದಲಿಸುವಾಗ ಮೈಗೆ ಇಳಿಯುತ್ತದೆ. ದೋಸೆ ಹಿಟ್ಟಿಗೆ ಹುಳಿ ಬರಲು ರಾತ್ರಿಯೇ ಬೇಕು. ಜಾಸ್ತಿ ಬೀಸಿದರೆ ಹುಳಿ ಬರುವುದಿಲ್ಲ.

ಇನ್ನು ‘ಸೋಮ್ಯಾಟಿಕ್’ ಎಂದರೇನು? ಈ ಅರ್ಥದಲ್ಲಿ ಪದವನ್ನು ಬಳಕೆಗೆ ತಂದವರು ಅಮೆರಿಕದ ಥಾಮಸ್ ಹಾನಾ, 1970ರ ದಶಕದಲ್ಲಿ. ಗ್ರೀಕ್ ಭಾಷೆಯಲ್ಲಿ ‘ಸೋಮ’ ಎಂದರೆ ಮೈ. (ನಮ್ಮ ಜಿಲ್ಲೆಯವರಿಗೆ ಸೋಮ ಎಂದರೆ ಬೇರೆಯೇ. ಜಾತ್ರೆಯಲ್ಲಿ ಗ್ರಾಮದೇವತೆಯ ಮುಂದೆ ಕೆಂಪು, ಹಳದಿ ಬಣ್ಣದ ಆ ದೊಡ್ಡ ಮುಖವಾಡ ಹೊತ್ತು ಕುಣಿಯುವ ಸೋಮನ ಕುಣಿತ. ಎರಡಕ್ಕೂ ನಂಟಿಲ್ಲ, ನಂಟು ಹಚ್ಚುವವರನ್ನು ನಂಬಬೇಡಿ. ಆದರೆ ಅಷ್ಟು ಭಾರ ತಲೆಯ ಮೇಲಿದ್ದೂ ಕತ್ತು ಸೆಟೆಯದೆ ಹೆಜ್ಜೆ ಹಾಕುವವರನ್ನು ಒಮ್ಮೆ ಹತ್ತಿರದಿಂದ ನೋಡಿ. ನಾನು ಹೇಳುವುದರಲ್ಲಿ ಅರ್ಧ ಅಲ್ಲೇ ಸಿಗುತ್ತದೆ.) ಹಾನಾ ಹೇಳಿದ್ದು ಇಷ್ಟೆ: ಡಾಕ್ಟರು ಹೊರಗಿನಿಂದ ನೋಡುವ ದೇಹ ಒಂದು, ನಾವು ಒಳಗಿನಿಂದ ಅರಿಯುವ ಮೈ ಇನ್ನೊಂದು. ಎರಡನೆಯದಕ್ಕೆ ಅವರು ಸೋಮ ಎಂದರು. ಕನ್ನಡದಲ್ಲಿ ಈ ಭೇದ ಮೊದಲಿನಿಂದಲೂ ಇದೆ. ‘ದೇಹದ ತೂಕ’ ಎನ್ನುತ್ತೇವೆ, ಆದರೆ ‘ಮೈ ಭಾರ’ ಎನ್ನುತ್ತೇವೆ. ಮೈಮರೆತ, ಮೈಗಳ್ಳ, ಮೈಮೇಲೆ ಎಚ್ಚರವಿಲ್ಲ, ಮೈಯೆಲ್ಲಾ ಕಣ್ಣಾಗಿ, ಇಲ್ಲೆಲ್ಲೂ ದೇಹ ಎಂದು ಹಾಕಿದರೆ ಮಾತು ಕೆಡುತ್ತದೆ. ನೀವು ಮುಂದೆ ಪಾಠ ಮಾಡುವಾಗ ‘ಮೈ’ ಎಂದೇ ಹೇಳಿ.

ಒಂದು ಉದಾಹರಣೆ. ನಾನು ಫಿಸಿಯೋಥೆರಪಿಸ್ಟ್. ತಿಪಟೂರು ಕಡೆಯ, ಐವತ್ತು ದಾಟಿದ ಒಬ್ಬರು ಕತ್ತುನೋವೆಂದು ಬಂದಿದ್ದರು. ಇಪ್ಪತ್ತೈದು ವರ್ಷದಿಂದ ಕಾಯಿ ಸುಲಿಯುವ ಕೆಲಸ. ನೆಲಕ್ಕೆ ನೆಟ್ಟ ಕಬ್ಬಿಣದ ಮೊನೆಗೆ ಕಾಯಿ ಕುಕ್ಕಿ, ತಿರುವಿ, ಮಟ್ಟೆ ಸೀಳುವುದು, ದಿನಕ್ಕೆ ನೂರಾರು. ಬಲಗಡೆಯ ಭುಜ ಎಡಕ್ಕಿಂತ ಎರಡು ಬೆರಳು ಮೇಲಿತ್ತು. ‘ಭುಜ ಇಳಿಬಿಡಿ’ ಎಂದೆ. ‘ಇಳ್ದೇ ಐತಲ್ಲ ಮೇಡಂ, ಇನ್ನೆಲ್ಲಿಗೆ ಇಳಿಸ್ಲಿ?’ ಎಂದರು. ಅವರು ಸುಳ್ಳು ಹೇಳುತ್ತಿರಲಿಲ್ಲ. ತಕ್ಕಡಿಯ ಮುಳ್ಳೇ ಜರುಗಿತ್ತು. ಆ ಎತ್ತರವೇ ಅವರ ಮೈಗೆ ಸೊನ್ನೆ.

ಕೈಯಿಂದ ಒತ್ತಿ ಇಳಿಸಬಹುದಿತ್ತು, ವೃತ್ತಿಗೆ ಬಂದ ಹತ್ತು ವರ್ಷ ಅದನ್ನೇ ಮಾಡಿದ್ದೇನೆ. ಕೈ ತೆಗೆದ ಕೂಡಲೇ ಭುಜ ಮತ್ತೆ ಮೇಲೆ. ಆ ದಿನ ಉಲ್ಟಾ ಮಾಡಿಸಿದೆ. ‘ಇನ್ನೂ ಮೇಲೆತ್ತಿ, ಕಿವಿಗೆ ಮುಟ್ಟಿಸೋ ಥರ. ಈಗ ನಿಧಾನಕ್ಕೆ ಬಿಡಿ. ಬಾವಿಗೆ ಕೊಡ ಇಳಿಸ್ತೀರಲ್ಲ, ಹಗ್ಗ ಜಾರದ ಹಾಗೆ.’ ಮೊದಲ ಸಲ ಇಳಿಯುವಾಗ ಮೂರು ಕಡೆ ತಡೆದು ತಡೆದು, ಜರ್ಕ್ ಹೊಡೆದು ಇಳಿಯಿತು. ನಾಲ್ಕನೆಯ ಸಲಕ್ಕೆ ಒಂದೇ ಕಡೆ. ಎದ್ದು ನಿಂತವರು ಅಂಗಿಯ ಕಾಲರ್ ಎಳೆದು ಎಳೆದು ಸರಿ ಮಾಡಿಕೊಂಡರು, ಅಂಗಿ ಬಲಗಡೆಗೆ ಜಾರಿದೆ ಎಂದು ಅವರಿಗೆ ಅನ್ನಿಸಿತ್ತು. ಮುಂದಿನ ವಾರ ಬಂದಾಗ ಭುಜ ಮತ್ತೆ ಮೇಲೆಯೇ ಇತ್ತು. ಆದರೆ ಮೇಲಿದೆ ಎಂದು ಈ ಸಲ ಹೇಳಿದವರು ಅವರೇ.

ಹಾನಾ ಈ ಸ್ಥಿತಿಯನ್ನು ಸೆನ್ಸರಿ ಮೋಟಾರ್ ಅಮ್ನೇಷಿಯಾ ಎಂದು ಕರೆದರು: ಸ್ನಾಯು ಬಿಗಿದೇ ಇದೆ, ಬಿಗಿದಿದೆ ಎಂಬುದು ಮರೆತುಹೋಗಿದೆ. ಬೇಕೆಂದೇ ಇನ್ನಷ್ಟು ಬಿಗಿದು, ಆಮೇಲೆ ಇಂಚಿಂಚಾಗಿ ಬಿಡುವ ಕ್ರಮಕ್ಕೆ ಪ್ಯಾಂಡಿಕ್ಯುಲೇಷನ್ ಎಂದು ಉದ್ದನೆಯ ಹೆಸರು. ನಾಯಿ ನಿದ್ದೆಯಿಂದೆದ್ದು ಮುಂಗಾಲು ಚಾಚಿ ಮಾಡುತ್ತದಲ್ಲ, ಅದು. ಕನ್ನಡದಲ್ಲಿ ‘ಮೈಮುರಿಯುವುದು’. ಬೆಳಿಗ್ಗೆ ಹಾಸಿಗೆಯಲ್ಲಿ ಮೈಮುರಿದರೆ ‘ಸೋಂಬೇರಿ, ಏಳು’ ಎಂದು ಬೈಸಿಕೊಂಡೇ ಬೆಳೆದವರು ನಾವು.

ಇದರ ಹಿಂದಿನ ಶರೀರಶಾಸ್ತ್ರದಲ್ಲಿ ನಿಗೂಢವೇನೂ ಇಲ್ಲ. ಕಣ್ಣು ಮುಚ್ಚಿದರೂ ಕೈ ಎಲ್ಲಿದೆ ಎಂದು ಗೊತ್ತಾಗುತ್ತದೆ. ಈ ಅರಿವಿಗೆ ಪ್ರೊಪ್ರಿಯೊಸೆಪ್ಷನ್ ಎಂದು ಬ್ರಿಟನ್ನಿನ ವಿಜ್ಞಾನಿ ಚಾರ್ಲ್ಸ್ ಶೆರಿಂಗ್ಟನ್ 1906ರಲ್ಲೇ ಹೆಸರಿಟ್ಟರು. ಸ್ನಾಯುಗಳ ಒಳಗಿರುವ ಕದಿರಿನಾಕಾರದ ಸಣ್ಣ ಅಂಗಗಳು ಎಷ್ಟು ಹಿಗ್ಗಿತು, ಎಷ್ಟು ಬೇಗ ಹಿಗ್ಗಿತು ಎಂದು ಮಿದುಳಿಗೆ ವರದಿ ಕಳಿಸುತ್ತಲೇ ಇರುತ್ತವೆ. ಶ್ರಮ ಹೆಚ್ಚಾದಷ್ಟೂ ಸೂಕ್ಷ್ಮ ವ್ಯತ್ಯಾಸ ಗೊತ್ತಾಗುವುದು ಕಡಿಮೆ. ಅಂಗೈಯಲ್ಲಿರುವ ಒಂದು ಹಿಡಿ ರಾಗಿಗೆ ಇನ್ನೊಂದು ಹಿಡಿ ಹಾಕಿದರೆ ಮಗುವಿಗೂ ತಿಳಿಯುತ್ತದೆ, ಹಮಾಲಿಯ ಬೆನ್ನ ಮೇಲಿನ ರಾಗಿ ಮೂಟೆಗೆ ಅದೇ ಒಂದು ಹಿಡಿ ಸೇರಿಸಿದರೆ ಅವನಿಗೇ ತಿಳಿಯುವುದಿಲ್ಲ. ಈ ಪಾಠಗಳೆಲ್ಲ ನಿಧಾನ, ಸಣ್ಣದು, ಸುಲಭ ಎಂದು ಹಟ ಹಿಡಿಯುವುದು ಇದಕ್ಕೇ. ಶಾಂತವಾಗಿ ಕಾಣಲಿ ಎಂದಲ್ಲ.

ಈ ವಿದ್ಯೆ ಕಟ್ಟಿದವರಲ್ಲಿ ಹಲವರು ತಮ್ಮದೇ ತೊಂದರೆಯಿಂದ ಶುರು ಮಾಡಿದವರು. ಎಫ್.ಎಂ. ಅಲೆಕ್ಸಾಂಡರ್ (1869–1955) ಆಸ್ಟ್ರೇಲಿಯಾದ ಟಾಸ್ಮೇನಿಯಾದಲ್ಲಿ ಹುಟ್ಟಿದ ರಂಗನಟ. ವೇದಿಕೆಯಲ್ಲಿ ಕಾವ್ಯ ವಾಚಿಸುವಾಗ ದನಿ ಕಟ್ಟುತ್ತಿತ್ತು, ಔಷಧಿಗೆ ಬಗ್ಗಲಿಲ್ಲ. ಕನ್ನಡಿಗಳನ್ನು ಇಟ್ಟುಕೊಂಡು ದಿನಗಟ್ಟಲೆ ತನ್ನನ್ನೇ ನೋಡಿಕೊಂಡ. ಬಾಯಿ ತೆರೆಯುವ ಮೊದಲೇ ತಲೆಯನ್ನು ಹಿಂದಕ್ಕೂ ಕೆಳಕ್ಕೂ ಎಳೆದು ಗಂಟಲು ಹಿಸುಕುತ್ತಿದ್ದುದು ಕಂಡಿತು. ಮೈಕಿಲ್ಲದೆ ಕೊನೆಯ ಸಾಲಿನವರೆಗೆ ಹಾಡಿ ಮುಟ್ಟಿಸುತ್ತಿದ್ದ ಗುಬ್ಬಿ ಕಂಪನಿಯ ನಟರ ನಾಡಿನವರಿಗೆ ಈ ಕಷ್ಟ ಹೇಳಬೇಕಾಗಿಲ್ಲ. ಮೋಶೆ ಫೆಲ್ಡೆನ್‌ಕ್ರೈಸ್ (1904–1984) ಭೌತವಿಜ್ಞಾನಿ, ಜೂಡೋ ಪಟು. ಫುಟ್‌ಬಾಲಿನಲ್ಲಿ ಮಂಡಿ ಕೆಟ್ಟಿತು. ಆಪರೇಷನ್ ಗೆಲ್ಲುವ ಭರವಸೆ ಸಿಗದೆ, ತಾನು ಹೇಗೆ ನಡೆಯುತ್ತೇನೆ ಎಂದೇ ಅಭ್ಯಾಸಕ್ಕೆ ಕೂತ. ಬಾನಿ ಬೇನ್‌ಬ್ರಿಜ್ ಕೋಹೆನ್ 1973ರಲ್ಲಿ ತಮ್ಮ ಶಾಲೆ ತೆರೆದರು, ಅವರ ಬಾಡಿ-ಮೈಂಡ್ ಸೆಂಟರಿಂಗ್‌ನಲ್ಲಿ ಮಗುವಿನ ಹೊರಳು, ಅಂಬೆಗಾಲೇ ಪಾಠ. ಇವರಲ್ಲಿ ಯಾರ ದಾರಿ ನಿಮಗೆ ಹೊಂದುತ್ತದೆ ಎಂದು ನಾನು ಹೇಳಲಾರೆ, ನಿಮ್ಮ ಮೈ ಹೇಳಬೇಕು.

ಯೋಗಕ್ಕಿಂತ ಬೇರೆಯೇ ಎಂದು ಕೇಳಿದ್ದೀರಿ. ಕ್ಲಾಸಿನಲ್ಲಿ ನಾವು ಮಾಡುವ ಯೋಗಕ್ಕಿಂತ ಬೇರೆ. ಗ್ರಂಥದ ಯೋಗಕ್ಕಿಂತ ಅಷ್ಟೇನೂ ಬೇರೆಯಲ್ಲ. ಯೋಗನಿದ್ರೆಯಲ್ಲಿ ಬಲಗೈ ಹೆಬ್ಬೆರಳಿನಿಂದ ಶುರುಮಾಡಿ ಒಂದೊಂದೇ ಅಂಗಕ್ಕೆ ಮನಸ್ಸು ಒಯ್ಯುತ್ತೀರಲ್ಲ, ಅದರ ಮೂಲ ನ್ಯಾಸ, ಅಂದರೆ ಮಂತ್ರ ಹೇಳುತ್ತ ಒಂದೊಂದೇ ಅಂಗ ಮುಟ್ಟುವ ಕ್ರಮ. ಜಿಗಣಿಯ ಎಸ್-ವ್ಯಾಸ ಯೋಗ ವಿಶ್ವವಿದ್ಯಾಲಯದವರ ಆವರ್ತನ ಧ್ಯಾನವನ್ನು ನೀವು ಮಾಡಿರಬಹುದು: ನಿಧಾನವಾಗಿ ಒಂದು ಆಸನ, ಆಮೇಲೆ ಮಲಗಿ ವಿಶ್ರಾಂತಿ, ಮತ್ತೆ ಆಸನ. ಅದಕ್ಕೆ ಆಧಾರ ಮಾಂಡೂಕ್ಯ ಕಾರಿಕೆಯ ‘ಲಯೇ ಸಂಬೋಧಯೇಚ್ಚಿತ್ತಂ ವಿಕ್ಷಿಪ್ತಂ ಶಮಯೇತ್ಪುನಃ’, ಮನಸ್ಸು ಮಂಕಾದಾಗ ಎಬ್ಬಿಸು, ಚದುರಿದಾಗ ತಣಿಸು ಎಂಬ ಸಾಲು. ಫೆಲ್ಡೆನ್‌ಕ್ರೈಸ್ ಪಾಠದಲ್ಲೂ ಪ್ರತಿ ಚಲನೆಯ ನಡುವೆ ಹೀಗೇ ಮಲಗಿಸುತ್ತಾರೆ. ವ್ಯತ್ಯಾಸ ಒಂದೇ, ಆದರೆ ದೊಡ್ಡದು. ಆಸನಕ್ಕೊಂದು ಆಕಾರವಿದೆ. ತ್ರಿಕೋಣಾಸನ ಹೇಗಿರಬೇಕೆಂದು ಟೀಚರಿಗೂ ಗೊತ್ತು, ಮಾಡುವವರಿಗೂ ಗೊತ್ತು, ಗೋಡೆಯ ಚಾರ್ಟಿಗೂ ಗೊತ್ತು. ಇಲ್ಲಿ ಆ ಚಾರ್ಟ್ ಇಲ್ಲ. ಟೀಚರು ಮಾಡಿ ತೋರಿಸುವುದೂ ಕಡಿಮೆ, ಬಾಯಲ್ಲೇ ಹೇಳುತ್ತಾರೆ. ನೋಡಿ ನಕಲು ಮಾಡುವ ದಾರಿ ಮುಚ್ಚಿದಾಗ ಮೈ ತಾನೇ ಹುಡುಕಬೇಕಾಗುತ್ತದೆ. ಆರು ವರ್ಷ ‘ಇನ್ನೂ ಸ್ವಲ್ಪ ಬಗ್ಗಿ, ಇನ್ನೂ ಸ್ವಲ್ಪ’ ಎಂದು ಹೇಳಿ ಅಭ್ಯಾಸವಾದ ನಿಮಗೆ ಇದೇ ಕಷ್ಟವಾಗುವುದು. ನನಗೂ ಆಗಿತ್ತು.

ಒಂದು ಪಾಠ ಈಗಲೇ ಮಾಡಿ ನೋಡಿ. ಚಾಪೆಯ ಮೇಲೆ ಜಮಖಾನ ಹಾಸಿ ಅಂಗಾತ ಮಲಗಿ, ಮಂಡಿ ಮಡಚಿ, ಪಾದ ನೆಲಕ್ಕೆ. ಹಿಂಭಾಗದ ಕೆಳಗೆ, ನೆಲದ ಮೇಲೆ, ಒಂದು ಗಡಿಯಾರ ಬರೆದಿದೆ ಎಂದುಕೊಳ್ಳಿ. ಹೊಕ್ಕುಳಿನ ಕಡೆ 12, ಬಾಲಮೂಳೆಯ ಕಡೆ 6. ಭಾರವನ್ನು 12ಕ್ಕೆ ಹೊರಳಿಸಿ, ಬೆನ್ನು ನೆಲಕ್ಕೆ ತಾಗುತ್ತದೆ. 6ಕ್ಕೆ ಹೊರಳಿಸಿ, ಬೆನ್ನಿನ ಕೆಳಗೆ ಕೈ ತೂರುವಷ್ಟು ಜಾಗವಾಗುತ್ತದೆ. ಹತ್ತು ಸಲ, ಆಗುವುದರಲ್ಲಿ ಅರ್ಧದಷ್ಟು ಮಾತ್ರ. ಆಮೇಲೆ ಸುಮ್ಮನೆ ಮಲಗಿ. ಮತ್ತೆ 3 ಮತ್ತು 9. ಮತ್ತೆ 12ರಿಂದ 1, 2, 3 ಎಂದು ಒಂದೊಂದೇ ಅಂಕಿ ಮುಟ್ಟುತ್ತ ಸುತ್ತಿ. ಎಲ್ಲೋ ಒಂದು ಕಡೆ, ನನಗಾದರೆ 7ರ ಹತ್ತಿರ, ಮುಳ್ಳು ನೇರ ಹಾರಿಬಿಡುತ್ತದೆ. ಆ ಹಾರುವ ಜಾಗದಲ್ಲಿ ದವಡೆ ಏನು ಮಾಡುತ್ತಿದೆ ನೋಡಿಕೊಳ್ಳಿ, ಉಸಿರು ನಿಂತಿದೆಯೇ ನೋಡಿಕೊಳ್ಳಿ. 7ನ್ನು ಬಲವಂತವಾಗಿ ಮುಟ್ಟಬೇಡಿ, 6ಕ್ಕೂ 8ಕ್ಕೂ ನಡುವೆ ಸಣ್ಣಗೆ ಓಡಾಡಿ. ಇಪ್ಪತ್ತು ನಿಮಿಷ ಸಾಕು. ಎದ್ದು ನಿಂತಾಗ ಪಾದದ ಮೇಲೆ ಭಾರ ಬೀಳುವ ಜಾಗ ಬದಲಾಗಿರುತ್ತದೆ, ಇಲ್ಲವೂ ಇರಬಹುದು. ‘ಇಲ್ಲ’ ಎಂಬುದೂ ಇಲ್ಲಿ ಉತ್ತರವೇ. ಪಾಠ ಮುಗಿಸಿ ‘ಎಲ್ಲರಿಗೂ ಹಗುರ ಅನ್ನಿಸಿತಾ?’ ಎಂದು ಕೇಳುವ ಟೀಚರು ಉತ್ತರವನ್ನು ಬಾಯಿಗೆ ತುರುಕುತ್ತಿದ್ದಾರೆ.

ಇದನ್ನು ಕನ್ನಡದಲ್ಲಿ ಹೇಳಿಕೊಡಲು ಹೊರಟಾಗ ಬರುವ ತೊಡಕು ಯಾವ ಇಂಗ್ಲಿಷ್ ಕೋರ್ಸಿನಲ್ಲೂ ಇರುವುದಿಲ್ಲ. ನಿಮ್ಮ ಕ್ಲಾಸಿನಲ್ಲಿ ‘ಎಲ್ಲರೂ ಸೊಂಟದ ಮೇಲೆ ಕೈ ಇಡಿ’ ಎಂದು ಹೇಳಿ ಸುಮ್ಮನೆ ನೋಡಿ. ಕೆಲವರು ಸೀರೆ ಸಿಕ್ಕಿಸುವ ಜಾಗಕ್ಕೆ ಇಡುತ್ತಾರೆ, ಕೆಲವರು ಬೆನ್ನಿನ ಕೆಳಭಾಗಕ್ಕೆ, ಮಗುವನ್ನು ಎತ್ತಿ ಅಭ್ಯಾಸವಿದ್ದವರು ಪಕ್ಕದ ಎಲುಬಿಗೆ. ‘ಸೊಂಟ ತಿರುಗಿಸಿ’ ಎಂದರೆ ಒಬ್ಬೊಬ್ಬರೂ ಒಂದೊಂದು ತಿರುಗಿಸುತ್ತಾರೆ, ನಾವು ‘ಅವರಿಗೆ ಬಗ್ಗಲ್ಲ’ ಎಂದುಕೊಳ್ಳುತ್ತೇವೆ. ಕಾಲು ಶುರುವಾಗುವ ಕೀಲು ಈ ಮೂರರಲ್ಲಿ ಯಾವುದೂ ಅಲ್ಲ, ಅದು ಇನ್ನೂ ಕೆಳಗೆ, ತೊಡೆಸಂದಿನ ಆಳದಲ್ಲಿದೆ. ತೋಳು ಎಲ್ಲಿಂದ ಶುರು ಎಂದು ಕೇಳಿ, ಭುಜ ಎನ್ನುತ್ತಾರೆ. ತೋಳು ಎದೆಗೂಡಿಗೆ ಮೂಳೆಯಿಂದ ಕೂಡಿರುವ ಒಂದೇ ಜಾಗ ಗಂಟಲಿನ ಕೆಳಗೆ, ಕೊರಳಮೂಳೆ ಎದೆಮೂಳೆಗೆ ಸೇರುವಲ್ಲಿ. ಅಲ್ಲಿ ಒಂದು ಬೆರಳಿಟ್ಟುಕೊಂಡು ಇನ್ನೊಂದು ಕೈ ಎತ್ತಿಸಿ, ಬೆರಳ ಕೆಳಗೆ ಮೂಳೆ ಅಲ್ಲಾಡುವುದು ಗೊತ್ತಾದ ಮೇಲೆ ಮೇಲಿನ ಡಬ್ಬಿ ತೆಗೆಯುವ ರೀತಿಯೇ ಬದಲಾಗುತ್ತದೆ. ತಲೆ ಬೆನ್ನುಮೂಳೆಯ ಮೇಲೆ ಕೂತಿರುವುದು ಕತ್ತಿನ ಹಿಂದಲ್ಲ, ಎರಡು ಕಿವಿಗಳ ನಡುವೆ. ಅಂಗರಚನೆಯ ಪಾಠ ಎಂದರೆ ಸ್ನಾಯುಗಳ ಲ್ಯಾಟಿನ್ ಹೆಸರು ಬಾಯಿಪಾಠ ಅಲ್ಲ, ಹೀಗೆ ಬೆರಳಿಟ್ಟು ಕಲಿಸುವುದು. ಕೋರ್ಸಿನವರನ್ನು ಇದರ ಬಗ್ಗೆ ಕೇಳಿ.

ಉಪಯೋಗ ಇದೆಯೇ ಎಂದರೆ, ಕೆಲವಕ್ಕೆ ಒಳ್ಳೆಯ ಪುರಾವೆ ಇದೆ, ಹಲವಕ್ಕೆ ಇಲ್ಲ. 2008ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬಂದ ಪ್ರಯೋಗದಲ್ಲಿ ಬಹುಕಾಲದ ಬೆನ್ನುನೋವಿನ 579 ಜನರಿದ್ದರು. ವರ್ಷದ ಕೊನೆಗೆ, ಎಂದಿನ ಚಿಕಿತ್ಸೆಯಷ್ಟೇ ಪಡೆದವರಿಗೆ ನಾಲ್ಕು ವಾರದಲ್ಲಿ 21 ದಿನ ನೋವಿದ್ದರೆ, 24 ಅಲೆಕ್ಸಾಂಡರ್ ಪಾಠ ಪಡೆದವರಿಗೆ 3 ದಿನ. ಗಟ್ಟಿ ಫಲಿತಾಂಶ. ಆದರೆ ಅದು ಒಬ್ಬೊಬ್ಬರಿಗೇ, ತರಬೇತಾದ ಟೀಚರು ಕೈಯಿಟ್ಟು ಮಾಡಿದ ಪಾಠ, ಮೊಬೈಲ್ ವಿಡಿಯೊ ಅಲ್ಲ. ಇನ್ನೊಂದು ಕಡೆ, ಆಸ್ಟ್ರೇಲಿಯಾ ಸರ್ಕಾರ 2015ರಲ್ಲಿ ಇಂಥ ಪದ್ಧತಿಗಳನ್ನು ಪರಿಶೀಲಿಸಿ ಸ್ಪಷ್ಟ ಪುರಾವೆ ಸಾಲದು ಎಂದಿತು. 2019ರ ಏಪ್ರಿಲ್ 1ರಿಂದ ಹದಿನಾರು ಪದ್ಧತಿಗಳಿಗೆ ಖಾಸಗಿ ಆರೋಗ್ಯ ವಿಮೆಯ ಸವಲತ್ತು ನಿಲ್ಲಿಸಿತು. ಫೆಲ್ಡೆನ್‌ಕ್ರೈಸ್, ಅಲೆಕ್ಸಾಂಡರ್ ಎರಡೂ ಆ ಪಟ್ಟಿಯಲ್ಲಿದ್ದವು. ನಮ್ಮ ಯೋಗವೂ ಇತ್ತು.

ನಿಮ್ಮ ಕರಪತ್ರದಲ್ಲಿ ನನಗೆ ಸಿಟ್ಟು ಬರಿಸಿದ್ದು ಫೀಸಲ್ಲ. ‘ಸೊಂಟದಲ್ಲಿ ಶೇಖರವಾದ ಟ್ರಾಮಾ ಹೊರಹಾಕಿ’ ಎಂಬ ಸಾಲು. ಟ್ರಾಮಾ ಎಂದರೆ ಮನಸ್ಸಿಗಾದ ಹಳೆಯ ಆಘಾತ. ಸ್ನಾಯು ಎಂಬುದು ದುಃಖ ತುಂಬಿಡುವ ಗೋಡೌನ್ ಅಲ್ಲ. ಭಯಪಟ್ಟಾಗ ಮೈ ಬಿಗಿಯುತ್ತದೆ, ಬಿಗಿ ಸಡಿಲಾದಾಗ ಕೆಲವರಿಗೆ ಅಳು ಬರುತ್ತದೆ, ಇಷ್ಟು ನಿಜ. ಆಘಾತಕ್ಕೆಂದೇ ಪೀಟರ್ ಲೆವಿನ್ ರೂಪಿಸಿದ ಸೋಮ್ಯಾಟಿಕ್ ಎಕ್ಸ್‌ಪೀರಿಯೆನ್ಸಿಂಗ್ ಎಂಬ ಬೇರೆಯೇ ಪದ್ಧತಿ ಇದೆ. ಹೆಸರು ಹತ್ತಿರದ್ದಾದರೂ ಕೆಲಸ ಬೇರೆ, ಅದರ ತರಬೇತಿಯೇ ಮೂರು ವರ್ಷದ್ದು. ಎಂಟು ವಾರದಲ್ಲಿ ಕಲಿತವರು ಇನ್ನೊಬ್ಬರ ಹಳೆಯ ಗಾಯಕ್ಕೆ ಕೈ ಹಾಕುವುದೆಂದರೆ ವಿಡಿಯೊ ನೋಡಿ ಹಲ್ಲು ಕೀಳಲು ಹೊರಟ ಹಾಗೆ. ನಿಮ್ಮ ಕ್ಲಾಸಿನಲ್ಲಿ ಯಾರಾದರೂ ಅತ್ತರೆ ಕೆದಕಬೇಡಿ. ಕಣ್ಣು ತೆರೆಸಿ, ಎಬ್ಬಿಸಿ ಕೂರಿಸಿ, ಪಾದ ನೆಲಕ್ಕೆ ಊರಿಸಿ, ನೀರು ಕೊಡಿ. ಮತ್ತೆ ಮತ್ತೆ ಆದರೆ ಮನೋವೈದ್ಯರ ಬಳಿಗೆ ಕಳಿಸಿ. ಸರ್ಕಾರದ ಟೆಲಿ-ಮಾನಸ್ ಸಹಾಯವಾಣಿ 14416 ಎಲ್ಲರ ಫೋನಿನಲ್ಲೂ ಇರಲಿ, ಕನ್ನಡದಲ್ಲೇ ಮಾತಾಡುತ್ತಾರೆ.

‘ಥೆರಪಿಸ್ಟ್’ ಎಂಬ ಬೋರ್ಡನ್ನೂ ಹಾಕಬೇಡಿ. ಫಿಸಿಯೋಥೆರಪಿಯಂಥ ವೃತ್ತಿಗಳಿಗೆ 2021ರ ಕೇಂದ್ರ ಕಾಯ್ದೆಯೇ ಇದೆ. ಇಂಥ ಸರ್ಟಿಫಿಕೇಟು ನಿಮ್ಮನ್ನು ಆ ಸಾಲಿಗೆ ಸೇರಿಸುವುದಿಲ್ಲ. ನೀವು ಟೀಚರು, ಟೀಚರೆಂದೇ ಇರಿ. ಕಾಲು ಮರಗಟ್ಟಿ ಮಂಡಿಯ ಕೆಳಕ್ಕೂ ಸೆಳೆತ ಇಳಿಯುವವರು, ಮೂತ್ರದ ಹಿಡಿತ ತಪ್ಪಿದವರು, ಜ್ವರದ ಜೊತೆ ರಾತ್ರಿ ಬೆನ್ನುನೋವು ಬರುವವರು, ಈಚೆಗೆ ಬಿದ್ದ ವಯಸ್ಸಾದವರು ಬಂದರೆ ಚಾಪೆ ಹಾಸುವ ಮೊದಲು ಡಾಕ್ಟರ ಹತ್ತಿರ ಕಳಿಸಿ.

ನಾನೂ ಮೋಸಹೋದವಳೇ. ಲಾಕ್‌ಡೌನ್ ಕಾಲದಲ್ಲಿ 18,000 ಕೊಟ್ಟು ಇಂಥದೇ ಒಂದಕ್ಕೆ ಸೇರಿದೆ, ಹೆಸರು ಬೇಡ. ಕೊನೆಯ ಎರಡು ವಿಡಿಯೊ ನೋಡುವ ಮೊದಲೇ ಸರ್ಟಿಫಿಕೇಟು ಈಮೇಲಿಗೆ ಬಂತು. ನನ್ನ ಇನಿಷಿಯಲ್ ತಪ್ಪಾಗಿತ್ತು. ತಿದ್ದಿ ಕೊಡಿ ಎಂದಿದ್ದಕ್ಕೆ, ಇನ್ನೊಂದು ಕೋರ್ಸಿಗೆ ರಿಯಾಯಿತಿ ಕೂಪನ್ ಕಳಿಸಿದರು.

ಹಾಗಾಗಿ ಯಾವ ಕೋರ್ಸಿಗಾದರೂ ದುಡ್ಡು ಕಟ್ಟುವ ಮೊದಲು ಬರವಣಿಗೆಯಲ್ಲೇ ಕೇಳಿ. ನೇರ ತರಗತಿ ಎಷ್ಟು ಗಂಟೆ, ಅದರಲ್ಲಿ ನೀವು ನೆಲದ ಮೇಲಿರುವುದು ಎಷ್ಟು, ಸ್ಲೈಡ್ ನೋಡುವುದು ಎಷ್ಟು. ಒಬ್ಬ ಟೀಚರಿಗೆ ಎಷ್ಟು ಜನ. ನೀವು ಪಾಠ ಮಾಡುವುದನ್ನು ಯಾರಾದರೂ ಕೂತು ನೋಡಿ ತಿದ್ದುತ್ತಾರೆಯೇ, ಎಷ್ಟು ಸಲ. ಕಲಿಸುವವರು ಯಾರ ಬಳಿ, ಎಷ್ಟು ವರ್ಷ ಕಲಿತರು. ಮೈಮುಟ್ಟಿ ಕಲಿಸುವುದಿದ್ದರೆ ಒಪ್ಪಿಗೆ ಕೇಳುವ ಕ್ರಮ ಏನು. ಅರ್ಧಕ್ಕೆ ಬಿಟ್ಟರೆ ಹಣ ವಾಪಸ್ಸೇ. ಇನ್ನೊಂದು ಪ್ರಶ್ನೆ ನನ್ನದು: ‘ನೀವು ಯಾರನ್ನು ಸೇರಿಸಿಕೊಳ್ಳುವುದಿಲ್ಲ?’ ಎಲ್ಲರನ್ನೂ ಸೇರಿಸಿಕೊಳ್ಳುತ್ತೇವೆ ಎಂದರೆ ಫೋನಿಡಿ. ‘ಇವತ್ತು ರಾತ್ರಿ ಹನ್ನೆರಡರವರೆಗೆ ಮಾತ್ರ ಈ ಫೀಸು’ ಎಂದರಂತೂ ಮಾತೇ ಬೇಡ. ಅವಸರ ಬೇಡ ಎಂದು ಕಲಿಸಬೇಕಾದವರೇ ಅವಸರ ಮಾಡಿಸುತ್ತಿದ್ದಾರೆ.

ನಿಮಗೆ ನಾನು ಹೇಳುವ ದಾರಿ ಅಗ್ಗದ್ದು, ಆದರೆ ಉದ್ದದ್ದು. ಮೊದಲು ಮೂವತ್ತು ಪಾಠಗಳನ್ನು ಬರಿಯ ವಿದ್ಯಾರ್ಥಿಯಾಗಿ ಮಾಡಿ. ಹೇಳಿಕೊಡುವ ಯೋಚನೆ ತಲೆಯಲ್ಲಿ ಬೇಡ. ಬೆಂಗಳೂರು 70 ಕಿಲೋಮೀಟರ್, ರೈಲಿದೆ. ತಿಂಗಳಿಗೊಮ್ಮೆ ಒಳ್ಳೆಯ ಟೀಚರ ಬಳಿ ಹೋಗಿ, ಉಳಿದದ್ದು ಮನೆಯಲ್ಲಿ ಆಡಿಯೊ ಕೇಳುತ್ತ. ವಿಡಿಯೊಕ್ಕಿಂತ ಆಡಿಯೊ ಒಳ್ಳೆಯದು, ಕಾರಣ ಮೇಲೆ ಹೇಳಿದ್ದೇನೆ. ಪ್ರತಿ ಪಾಠದ ಮೇಲೆ ನೋಟ್‌ಬುಕ್ಕಿನಲ್ಲಿ ಎರಡು ಸಾಲು, ‘ಆರಾಮಾಯಿತು’ ಎಂದಲ್ಲ, ‘ಎಡ ಹಿಮ್ಮಡಿ ಮೊದಲು ಊರುತ್ತಿದೆ’ ಎಂಬಂಥದು. ಆರು ತಿಂಗಳ ಮೇಲೆ ನಿಮ್ಮ ವಾರದ ಕ್ಲಾಸುಗಳಲ್ಲಿ ಒಂದನ್ನು ಬದಲಿಸಿ. ಅದೇ ಸೇತುಬಂಧಾಸನ, ಆದರೆ ಮೂರು ಬೆರಳಷ್ಟೇ ಎತ್ತಿ, ಬೆನ್ನಿನ ಒಂದೊಂದೇ ಮಣಿ ಇಳಿಸುತ್ತ ಹದಿನೈದು ನಿಮಿಷ. ಹತ್ತರಲ್ಲಿ ಮೂವರು ‘ಇವತ್ತೇನೂ ಮಾಡಿಸ್ಲೇ ಇಲ್ಲ’ ಎನ್ನುತ್ತಾರೆ. ಬೆವರದೆ ಇದ್ದರೆ ಫೀಸು ದಂಡ ಎಂಬ ಲೆಕ್ಕ ನಮ್ಮೂರಲ್ಲಿ ಇದೆ. ಒಬ್ಬರು ಮಾರನೆಯ ದಿನ ಫೋನ್ ಮಾಡಿ ಅದೇ ಮಾಡಿಸಿ ಎನ್ನಬಹುದು. ಅವರ ಜೊತೆ ಮುಂದುವರಿಸಿ. ಇಷ್ಟೆಲ್ಲ ಆಗಿ ಒಂದು ವರ್ಷದ ಮೇಲೂ ಆಸೆ ಇದ್ದರೆ ಆಗ 500 ಗಂಟೆಯದನ್ನೋ 800 ಗಂಟೆಯದನ್ನೋ ಯೋಚಿಸಿ. ಅಲ್ಲಿಯವರೆಗೆ ಆ 85,000 ಬ್ಯಾಂಕಿನಲ್ಲೇ ಇರಲಿ. ಸಂಪಾದನೆಯ ಮಾತು ಕೇಳಿದ್ದರೆ, ತುಮಕೂರಿನಲ್ಲಿ ‘ಸೋಮ್ಯಾಟಿಕ್’ ಎಂಬ ಹೆಸರು ನೋಡಿ ಯಾರೂ ಮೆಟ್ಟಿಲು ಹತ್ತುವುದಿಲ್ಲ, ಬೆನ್ನು, ಮಂಡಿ, ಭುಜ ಎಂದೇ ಬರುತ್ತಾರೆ.

ನಿಮ್ಮತ್ತೆಯ ವಿಷಯ. ಮೊದಲು ಮೂಳೆ ಡಾಕ್ಟರಿಗೆ ತೋರಿಸಿ, ಮಂಡಿಯ ಸವೆತ ಎಷ್ಟೆಂದು ತಿಳಿಯಲಿ. ಸವೆದ ಮೃದ್ವಸ್ಥಿಯನ್ನು ಈ ಪಾಠ ಬೆಳೆಸುವುದಿಲ್ಲ. ಅವರನ್ನು ನೆಲಕ್ಕೆ ಇಳಿಸಬೇಡಿ, ಇಳಿದು ಏಳುವುದೇ ಅವರಿಗೆ ದೊಡ್ಡ ಕೆಲಸ. ಕೈಯಿಲ್ಲದ ಮರದ ಕುರ್ಚಿಯ ತುದಿಗೆ ಕೂರಿಸಿ. ಪಾದ ಮಂಡಿಗಿಂತ ಸ್ವಲ್ಪ ಹಿಂದೆ. ‘ಏಳಿ’ ಎನ್ನಬೇಡಿ. ‘ಮುಂದೆ ಬಿದ್ದಿರೋ ಹೂ ನೋಡೋ ಹಾಗೆ ಬಗ್ಗಿ ಅತ್ತೆ’ ಎನ್ನಿ, ಬಗ್ಗುವುದು ತೊಡೆಸಂದಿನಿಂದ, ಬೆನ್ನಿನಿಂದ ಅಲ್ಲ. ಹಿಂಭಾಗ ಕುರ್ಚಿಯಿಂದ ಎರಡು ಬೆರಳು ಹಗುರಾಗುವ ಕ್ಷಣ ಬರುತ್ತದೆ. ಅಲ್ಲೇ ನಿಲ್ಲಿಸಿ ಮತ್ತೆ ಕೂರಿಸಿ. ಐದು ಸಲ, ನಡುನಡುವೆ ವಿಶ್ರಾಂತಿ, ದಿನಕ್ಕೆರಡು ಹೊತ್ತು. ಮೊದಲ ವಾರ ಅವರು ಅಭ್ಯಾಸಬಲದಿಂದ ಮಂಡಿಯ ಮೇಲೆ ಕೈಯೂರಿ ‘ಅಮ್ಮಾ’ ಎನ್ನುತ್ತಲೇ ಏಳಲು ಹೋಗುತ್ತಾರೆ. ಕೈ ತೆಗೆಸಬೇಡಿ, ಹಾಗೇ ಬಿಡಿ. ಎರಡನೆಯ ವಾರ ಆ ‘ಅಮ್ಮಾ’ ಬಾಯಿಂದ ಬರುವುದು ಏಳುವ ಮೊದಲೋ, ಎದ್ದ ಮೇಲೋ ಎಂದು ಅವರನ್ನೇ ಕೇಳಿ.